ಪಕ್ಕದವಳ ಪಾಲು

ಕುಕ್ಕರಿನ ಮುಚ್ಚಳವನ್ನು ಮತ್ತೆ ತೆಗೆದು, ಗ್ಯಾಸ್ಕೆಟ್ಟನ್ನು ತಣ್ಣೀರಿನಲ್ಲಿ ಅದ್ದಿ, ಮಗುಚಿ ಹಾಕುತ್ತಿದ್ದೆ. ಆಸಾಮಿ ಜಗ್ಗಲಿಲ್ಲ. ಸುತ್ತಲಿಂದ ಆವಿ ಬುಸುಗುಟ್ಟಿಕೊಂಡು ಹೋಗುತ್ತಿತ್ತೇ ಹೊರತು ಕೂಗುವ ಲಕ್ಷಣ ಇರಲಿಲ್ಲ. ಆಸ್ಪತ್ರೆಯ ಡ್ಯೂಟಿಗೆ ಹೊರಟಿದ್ದ ಸೊಸೆ ಚಪ್ಪಲಿ ಮೆಟ್ಟುತ್ತಾ ಬಾಗಿಲಲ್ಲೇ ನಿಂತು ನಕ್ಕಳು.

“ಬಿಡಿ ಅತ್ತೆ, ಅದಕ್ಕೂ ವಯಸ್ಸಾಯ್ತು. ಹೊಸದು ತರ್ತೀನಿ ಅಂದ್ರೆ ನೀವು ಕೇಳಲ್ಲ.”

“ಕುಕ್ಕರಿಗೇನಾಗಿದೆ? ಹೋಗಿರೋದು ಗ್ಯಾಸ್ಕೆಟ್ಟು. ಹಲ್ಲು ಬಿದ್ದೋಯ್ತು ಅಂತ ನನ್ನನ್ನೇ ಬದಲಾಯಿಸ್ತೀಯಾ?”

“ಎಕ್ಸ್‌ಚೇಂಜ್ ಆಫರ್ ಬರಲಿ, ನೋಡೋಣ,” ಎಂದು ಬಾಗಿಲು ಎಳೆದುಕೊಂಡು ಓಡಿದಳು.

ಆ ಅಳತೆಯ ಗ್ಯಾಸ್ಕೆಟ್ ಈಗ ಸಿಗುವುದು ಗಡಿಯಾರದ ಬೀದಿಯ ಪಾತ್ರೆ ಅಂಗಡಿಯಲ್ಲಿ ಮಾತ್ರ. ಹಳೆಯದನ್ನು ಅಳತೆಗೆಂದು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ನಿಜ ಹೇಳಬೇಕೆಂದರೆ ಗ್ಯಾಸ್ಕೆಟ್ ಒಂದು ನೆಪ. ಆ ಬೀದಿಗೆ ಹೋಗಲು ನನಗೆ ಯಾವುದಾದರೊಂದು ನೆಪ ಬೇಕಾಗುತ್ತದೆ. ಸುಮ್ಮನೆ ಹೋಗಿ ಬರುತ್ತೇನೆ ಎಂದರೆ ಮನೆಯಲ್ಲಿ ನನ್ನ ಮೈ ಮುಟ್ಟಿ ಜ್ವರ ನೋಡುತ್ತಾರೆ.

ಮದುವೆಯಾದ ಹೊಸತರಲ್ಲಿ ಅಲ್ಲಿನ ಒಂದು ಕೋಟು ಹೊಲಿಯುವ ಅಂಗಡಿಯ ಅಟ್ಟದಲ್ಲಿ ನಾನು ಕಾಜಾ ಹಾಕುತ್ತಿದ್ದೆ. ಕಾಜಾ ಎಂದರೆ ಗುಂಡಿ ತೂರುವ ಕಣ್ಣು. ಬಟ್ಟೆಯನ್ನು ಸೀಳಿ, ಸೀಳಿದ ಅಂಚು ಬಿಚ್ಚಿಕೊಳ್ಳದಂತೆ ಸುತ್ತ ದಾರದಲ್ಲಿ ಗಂಟು ಗಂಟಾಗಿ ಹೊಲಿಯಬೇಕು. ಅಟ್ಟದಲ್ಲಿ ಒಂದು ಬೆಂಚು, ಒಂದು ಕಿಟಕಿ, ಕಿಟಕಿಯಾಚೆ ಗಡಿಯಾರದ ಬೆನ್ನು. ಅದರ ಮುಖ ರಸ್ತೆಯ ಕಡೆಗಿತ್ತು. ಊರಿಗೆಲ್ಲ ಗಂಟೆ ಹೇಳುವ ಗಡಿಯಾರ ನಮಗೆ ಮಾತ್ರ ಬೆನ್ನು ತೋರಿಸಿಕೊಂಡು ನಿಂತಿತ್ತು.

ನನ್ನ ಬಲಕ್ಕೆ ಕೂತಿದ್ದವಳು ಗಿಣಿ. ಮಾತು ನಿಲ್ಲಿಸದ ಕಾರಣಕ್ಕೆ ಅಂಗಡಿಯವರೆಲ್ಲ ಇಟ್ಟ ಹೆಸರು. ಅವಳು ಎಡಚಿ. ನನ್ನ ಬಲಗೈ ದಾರ ಎಳೆದಾಗ ಅವಳ ಎಡಗೈಯೂ ಎಳೆಯುತ್ತಿತ್ತು. ಮೊಣಕೈಗೆ ಮೊಣಕೈ ಬಡಿದು ಇಬ್ಬರ ಸೂಜಿಯೂ ದಾರಿ ತಪ್ಪುತ್ತಿತ್ತು. “ನಿನ್ನ ಮೊಣಕೈಗೊಂದು ಮೂಗುದಾರ ಹಾಕೇ!” ಎಂದು ಅವಳು, “ನೀನು ದೇವರು ಕೊಟ್ಟ ಕೈಯಲ್ಲಿ ಹೊಲಿ!” ಎಂದು ನಾನು. ಜಗಳ ಕೆಳಗಿನವರೆಗೂ ಕೇಳಿಸಿ ಕಟಿಂಗ್ ಮಾಸ್ತರರು ಏಣಿ ಹತ್ತಿ ಬಂದರು. ಸ್ವಲ್ಪ ಹೊತ್ತು ನಮ್ಮನ್ನು ನೋಡಿ, ಅವಳನ್ನು ಎಬ್ಬಿಸಿ ನನ್ನ ಎಡಕ್ಕೆ ಕೂರಿಸಿ ಇಳಿದುಹೋದರು. ಅಷ್ಟೇ. ಮೊಣಕೈ ಜಗಳ ನಿಂತಿತು, ಮಾತು ಶುರುವಾಯಿತು. ಆದರೂ ನನ್ನನ್ನು ಅವಳು ಕಡೆಯವರೆಗೂ ಕರೆದದ್ದು ‘ಮೊಣಕೈ’ ಎಂದೇ.

ಆಮೇಲೆ ಒಂದು ಕೋಟನ್ನು ಇಬ್ಬರ ಮಡಿಲ ಮೇಲೂ ಹಾಸಿಕೊಂಡು ಹೊಲಿಯತೊಡಗಿದೆವು. ಕಾಲರು ನನ್ನ ಕಡೆ, ಅಂಚು ಅವಳ ಕಡೆ. ಮೇಲಿನ ಕಾಜಾಗಳು ನನ್ನ ಪಾಲು, ಕೆಳಗಿನವು ಅವಳ ಪಾಲು. ಕೆಲಸ ಬೇಗ ಮುಗಿದರೆ ಟೀ ಅಂಗಡಿಯ ಮೆಟ್ಟಿಲಲ್ಲಿ ಹೆಚ್ಚು ಹೊತ್ತು ಕೂರಬಹುದಿತ್ತು. ನಮಗೆ ಹೊಳೆಯದೇ ಹೋದದ್ದು ಒಂದೇ: ನನ್ನ ಗಂಟುಗಳು ಬಲಕ್ಕೆ ವಾಲಿದರೆ ಅವಳವು ಎಡಕ್ಕೆ ವಾಲುತ್ತಿದ್ದವು. ಮಾಸ್ತರರ ಕಣ್ಣಿಗೆ ಇದು ಬೀಳುವ ಹೊತ್ತಿಗೆ ಎಷ್ಟೋ ಕೋಟುಗಳು ಗಿರಾಕಿಗಳ ಮೈಯೇರಿ ಹೋಗಿದ್ದವು. “ಒಂದು ಕೋಟಿಗೆ ಎರಡು ಮುಖವೇನ್ರಮ್ಮಾ!” ಎಂದು ಅವರು ತಲೆ ಹಿಡಿದುಕೊಂಡರು. ಗಿರಾಕಿಗಳು ಯಾರೂ ತುಟಿಪಿಟಕ್ ಎನ್ನಲಿಲ್ಲವಾಗಿ ಸುಮ್ಮನಾದರು. “ಊರಿನ ದೊಡ್ಡ ಮನುಷ್ಯರೆಲ್ಲ ಹೊಟ್ಟೆ ಹತ್ರ ನನ್ನ ಕಡೆ, ಎದೆ ಹತ್ರ ನಿನ್ನ ಕಡೆ,” ಎಂದು ಗಿಣಿ ನಗುತ್ತಿದ್ದಳು.

ಟೀ ಅಂಗಡಿಯ ಮೆಟ್ಟಿಲಲ್ಲಿ ಒಂದು ಟೀಯನ್ನು ಎರಡು ಲೋಟ ಮಾಡಿಕೊಂಡು ಕೂರುತ್ತಿದ್ದೆವು. ಅವಳಿಗೆ ಓದಲು ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಎದುರಿನ ಗೋಡೆಯ ಮೇಲಿನ ಬರಹ ಏನೆಂದು ಕೇಳಿದರೆ ಗಂಭೀರವಾಗಿ ಓದುತ್ತಿದ್ದಳು: “ಇಲ್ಲಿ ಒಳ್ಳೆ ಗಂಡಂದಿರನ್ನು ಬಾಡಿಗೆಗೆ ಕೊಡಲಾಗುವುದು.” ನಾನು ನಂಬಿ ಬಾಯಿ ಬಿಟ್ಟಾಗ ಟೀ ನೆತ್ತಿಗೆ ಹತ್ತುವಷ್ಟು ನಗುತ್ತಿದ್ದಳು. ಅಲ್ಲಿ ಬರೆದಿದ್ದದ್ದು ‘ಭಿತ್ತಿಪತ್ರ ಅಂಟಿಸಬಾರದು’ ಎಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ, ನಾನೇ ಓದಿದಾಗ.

ಅವಳ ಗಂಡನಿಗೆ ಬೇರೆ ಊರಿನ ಅಚ್ಚುಕೂಟದಲ್ಲಿ ಕೆಲಸವಾಯಿತು. ಹೊರಡುವ ದಿನ ಮೆಟ್ಟಿಲಲ್ಲೇ ಹೇಳಿದಳು, “ನೀನೇ ನಿನ್ನ ಕೈಯಾರೆ ಬರೆದ ಕಾಗದ ಬರಬೇಕು. ಇನ್ನೊಬ್ಬರ ಹತ್ರ ಬರೆಸಿದ್ದು ಬಂದ್ರೆ ಒಡೆಯೋದೇ ಇಲ್ಲ, ಗೊತ್ತಾಯ್ತಾ?”

ಮಕ್ಕಳು ದೊಡ್ಡವರಾಗಿ ನಾನು ರಾತ್ರಿ ಶಾಲೆಗೆ ಸೇರುವಷ್ಟರಲ್ಲಿ ತಲೆ ಅರ್ಧ ನೆರೆತಿತ್ತು. ಚಿಕ್ಕ ಮಕ್ಕಳ ಬೆಂಚು, ಮಂಡಿ ಮೇಲಿನ ಹಲಗೆಗೆ ತಾಗುತ್ತಿತ್ತು. ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳಲು ಶುರುವಾದದ್ದೇ ತಡ, ಗಿಣಿ ಹೊರಡುವಾಗ ಕೊಟ್ಟುಹೋಗಿದ್ದ ವಿಳಾಸಕ್ಕೆ ಕಾಗದ ಬರೆದೆ. ಅದು ಹೋದ ಹಾಗೇ ವಾಪಸು ಬಂತು. ಲಕೋಟೆಯ ಮೇಲೆ ‘ಈ ವಿಳಾಸದಲ್ಲಿ ಇಲ್ಲ’ ಎಂಬ ಮುದ್ರೆ. ರಸ್ತೆ ಅಗಲ ಮಾಡಲು ಆ ಮನೆಗಳ ಸಾಲನ್ನೇ ಕೆಡವಿದರಂತೆ ಎಂದು ಆ ಊರಿಂದ ಬಂದವರೊಬ್ಬರು ಹೇಳಿದರು. ಅವಳಿದ್ದಾಳೋ ಇಲ್ಲವೋ ಹೇಳುವವರು ಸಿಗಲಿಲ್ಲ. ಕಾಗದ ಟ್ರಂಕಿನ ತಳ ಸೇರಿತು. ಬಿಸಾಡಲು ಮನಸ್ಸು ಬರಲಿಲ್ಲ. ಬಿಸಾಡಿದರೆ ಅವಳಿಲ್ಲ ಎಂದು ನಾನೇ ತೀರ್ಮಾನ ಕೊಟ್ಟ ಹಾಗಾಗುತ್ತಿತ್ತು.

ಬಸ್ಸು ಗಡಿಯಾರದ ಬೀದಿಗೆ ತಿರುಗುತ್ತಿದ್ದ ಹಾಗೇ ವಾಹನಗಳ ನಡುವೆ ಸಿಕ್ಕಿಕೊಂಡಿತು. ನಮ್ಮ ಅಂಗಡಿಯಿದ್ದ ಜಾಗದಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಅಟ್ಟದ ಕಿಟಕಿ ಮಾತ್ರ ಹಾಗೇ ಇದೆ. ಅದನ್ನು ಹುಡುಕುತ್ತಾ ಕತ್ತು ತಿರುಗಿಸಿದವಳ ಮೂಗಿನ ನೇರಕ್ಕೆ ಒಂದು ಕೋಟಿನ ಅಂಚು ಬಂತು. ಬೂದು ಬಣ್ಣದ ಕೋಟು ತೊಟ್ಟ ಒಬ್ಬ ಹುಡುಗಿ ಕಂಬಿ ಹಿಡಿದು ನಿಂತಿದ್ದಳು. ಕೆಳಗಿನ ಕಾಜಾ ನೋಡಿದೆ. ಗಂಟುಗಳು ಎಡಕ್ಕೆ ವಾಲಿದ್ದವು. ಅದರ ಮೇಲಿನದೂ ಹಾಗೇ. ಒತ್ತೊತ್ತಾದ, ಇರುವೆ ಸಾಲಿನಂಥ ಗಂಟುಗಳು.

ಎಡಚರು ಲೋಕದಲ್ಲಿ ಗಿಣಿಯೊಬ್ಬಳೇ ಅಲ್ಲವಲ್ಲ ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಕಣ್ಣು ಮೇಲಕ್ಕೆ ಹೋಯಿತು. ಮೇಲಿನ ಎರಡು ಕಾಜಾಗಳು ಬಲಕ್ಕೆ ವಾಲಿದ್ದವು! ಆದರೆ ಅದೆಂಥ ಕೆಲಸ, ಶಿವನೇ. ಒಂದು ಗಂಟು ದಪ್ಪ, ಒಂದು ಸಣ್ಣ, ನಡುವೆ ಸಂದು. ಕೋಳಿ ಕೆದರಿದ ಹಾಗಿತ್ತು. ಇದ್ದರೆ ಗಿಣಿಯೇ ಇರಬೇಕು, ಆದರೆ ಅವಳ ಪಕ್ಕದಲ್ಲಿ ಈಗ ಬೇರೆ ಯಾರೋ ಕೂತಿದ್ದಾರೆ. ಸಂತೋಷಪಡುವುದು ಬಿಟ್ಟು ನನಗೆ ಹೊಟ್ಟೆ ಉರಿಯಿತು. ಹೋಗಿ ಹೋಗಿ ಇಂಥ ಕೈಯವಳನ್ನು ಕೂರಿಸಿಕೊಂಡಿದ್ದಾಳಲ್ಲ!

ಕೋಟಿನ ಅಂಚನ್ನು ಹಿಡಿದೇಬಿಟ್ಟೆ. “ಇದನ್ನ ಯಾರಮ್ಮ ಹೊಲಿದಿದ್ದು?”

ಹುಡುಗಿ ಬೆಚ್ಚಿದಳು. “ಯಾಕಜ್ಜಿ, ಹರಿದಿದೆಯಾ?”

“ಹರಿದಿಲ್ಲ. ಹೊಲಿದವರು ಯಾರು, ಹೇಳು.”

“ನಮ್ಮೂರಲ್ಲಿ, ನಮ್ಮ ಮನೆ ಕೆಳಗಡೆ ಇರೋ ಅಜ್ಜಿ. ಇಂಟರ್‌ವ್ಯೂಗೆ ಹೋಗ್ತೀಯಾ, ಕೋಟು ಬೇಡ್ವಾ ಅಂತ ಅವರೇ ಹೊಲಿದ್ರು.”

“ಎಡಗೈಯವಳಾ? ಮಾತು ಜಾಸ್ತಿನಾ?”

“ಅಯ್ಯೋ, ಜಾಸ್ತಿನಾ ಅಂತ ಕೇಳ್ತೀರಾ!” ಹುಡುಗಿ ನಕ್ಕುಬಿಟ್ಟಳು. “ಈಗ ಕಿವಿ ಬೇರೆ ಕೇಳಿಸಲ್ಲ. ನಾವು ಬಾಯಿ ಹಾಕೋಕೆ ಜಾಗಾನೇ ಇಲ್ಲ.”

ಪಕ್ಕದ ಸೀಟಿನವರು ನನಗೇನಾಯಿತೆಂದು ನೀರಿನ ಬಾಟಲಿ ಮುಂದೆ ಹಿಡಿದರು. ಏನೂ ಆಗಿರಲಿಲ್ಲ, ಕಣ್ಣು ತುಂಬಿತ್ತು ಅಷ್ಟೇ. ಬಸ್ಸು ಇನ್ನೂ ಕದಲಿರಲಿಲ್ಲ. “ಇಳಿ ಮಗಳೇ, ಒಂದು ಟೀ ಕುಡಿಸ್ತೀನಿ,” ಎಂದೆ. ಇಂಟರ್‌ವ್ಯೂ ಮುಗಿದು ಸಂಜೆಯ ರೈಲು ಕಾಯುತ್ತಿದ್ದವಳು. ನನ್ನ ಮುಖ ನೋಡಿ ಇಲ್ಲವೆನ್ನಲಾರದೆ ಇಳಿದಳು.

ಟೀ ಅಂಗಡಿಗೆ ಹೊಸ ಬೋರ್ಡು ಬಂದಿತ್ತು. ಮೆಟ್ಟಿಲು ಅದೇ, ಅಂಚು ಸವೆದು ನುಣ್ಣಗಾಗಿತ್ತು. ಹುಡುಗಿಯನ್ನು ನನ್ನ ಎಡಕ್ಕೆ ಕೂರಿಸಿಕೊಂಡೆ. ತಡೆಯಲಾರದೆ ಕೇಳಿಯೇಬಿಟ್ಟೆ. “ಈ ಮೇಲಿನ ಕಾಜಾ ಹಾಕಿದ ಪುಣ್ಯಾತ್ಗಿತ್ತಿ ಯಾರು? ಯಾರನ್ನ ಪಕ್ಕದಲ್ಲಿ ಇಟ್ಕೊಂಡಿದ್ದಾಳೆ?”

“ಯಾರೂ ಇಲ್ಲ ಅಜ್ಜಿ. ಅದೂ ಅವರೇ ಹಾಕೋದು.” ಹುಡುಗಿ ಗುಂಡಿ ಬಿಚ್ಚಿ ಕಾಜಾವನ್ನು ತಾನೇ ನೋಡಿಕೊಂಡಳು. “ಕೆಳಗಿಂದು ಎಡಗೈಲಿ ಬೇಗ ಮುಗಿಸಿಬಿಡ್ತಾರೆ. ಮೇಲಿಂದು ಬಂದ ತಕ್ಷಣ ಸೂಜೀನ ಬಲಗೈಗೆ ತಗೋತಾರೆ. ಚುಚ್ಕೋತಾರೆ, ಬೈಕೋತಾರೆ, ಆದ್ರೂ ಬಿಡಲ್ಲ. ಯಾಕಜ್ಜಿ ಈ ಒದ್ದಾಟ ಅಂದ್ರೆ, ‘ಅದು ನಂದಲ್ಲ ಕಣೇ, ನನ್ನ ಪಕ್ಕದವಳ ಪಾಲು. ಅವಳ ಹಾಗೇ ವಾಲಬೇಕು’ ಅಂತಾರೆ.”

ನಾನು ಆ ಕೋಳಿ ಕೆದರಿದ ಗಂಟುಗಳ ಮೇಲೆ ಬೆರಳಿಟ್ಟೆ. ಸುಮಾರು ಹೊತ್ತು ತೆಗೆಯಲಿಲ್ಲ. ಟೀ ಆರಿತು.

“ಆ ಪಕ್ಕದವರು ನೀವಾ?” ಎಂದು ಹುಡುಗಿ ಮೆಲ್ಲಗೆ ಕೇಳಿದಳು. ಉತ್ತರಕ್ಕೆ ಕಾಯದೆ ಫೋನು ತೆಗೆದು ತಾಯಿಗೆ ಹಚ್ಚಿದಳು. ಆ ತಾಯಿ ಮೆಟ್ಟಿಲಿಳಿದು ಹೋಗುವುದು, ಬಾಗಿಲು ಬಡಿಯುವುದು, ಕಿವಿಯ ಹತ್ತಿರ ಕಿರುಚುವುದು, ಎಲ್ಲ ಕೇಳಿಸಿತು. “ಅಜ್ಜೀ! ಗಡಿಯಾರದ ಬೀದಿಯಿಂದ ಫೋನು! ನಿಮ್ಮ ಜೊತೆ ಕಾಜಾ ಹಾಕ್ತಿದ್ದೋರಂತೆ!”

ಆಮೇಲೆ ಆ ದನಿ. ಒಡೆದಿತ್ತು, ಆದರೆ ಅದೇ.

“ಯಾರು, ಮೊಣಕೈನಾ? ಬದುಕಿದ್ದಾಳಾ ಮುಂಡೇದು?”

“ಬದುಕಿದ್ದೀನಿ ಕಣೇ ಗಿಣಿ!” ಎಂದು ನಾನು ಕೂಗಿದ ಕೂಗಿಗೆ ಟೀ ಅಂಗಡಿಯವನು ಹೊರಗೆ ಇಣುಕಿದ.

“ಏನಂದ್ಳು? ಈ ಡಬ್ಬದಲ್ಲಿ ನಂಗೇನೂ ಕೇಳಿಸಲ್ಲ. ಅಕ್ಷರ ಕಲಿತಳಾ ಕೇಳು. ಕಲಿತಿದ್ರೆ ಕಾಗದ ಬರೀಲಿ. ಕಿವಿ ಹೋಗಿದೆ, ಕಣ್ಣು ಗಟ್ಟಿಯಾಗಿದೆ ಅನ್ನು. ಕೈಯಾರೆ ಬರೀಬೇಕು, ಇನ್ನೊಬ್ಬರ ಹತ್ರ ಬರೆಸಿದ್ರೆ...”

“ಒಡೆಯಲ್ಲ, ಗೊತ್ತು,” ಎಂದೆ. ಅವಳಿಗೆ ಕೇಳಿಸಲಿಲ್ಲ. ಹುಡುಗಿ ಟೀ ಅಂಗಡಿಯ ಬಿಲ್ಲಿನ ಹಿಂದೆ ವಿಳಾಸ ಬರೆಯಲು ಹೊರಟಳು. ಪೆನ್ನು ಇಸಿದುಕೊಂಡು ನಾನೇ ಬರೆದುಕೊಂಡೆ.

ಸಂಜೆ ಸೊಸೆ ಬಂದವಳೇ ಅಡುಗೆಮನೆಗೆ ಹೋಗಿ ಕೂಗಿದಳು, “ಅತ್ತೆ, ಗ್ಯಾಸ್ಕೆಟ್ ಎಲ್ಲಿ?”

ನಾನು ಟ್ರಂಕು ಮಗುಚಿ ನೆಲದ ಮೇಲೆ ಕೂತಿದ್ದೆ. ಹಳೆಯ ಗ್ಯಾಸ್ಕೆಟ್ ಇನ್ನೂ ಚೀಲದಲ್ಲೇ ಇತ್ತು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಪಕ್ಕದಲ್ಲಿ ಕೂತು, ಮುದ್ರೆ ಬಿದ್ದಿದ್ದ ಲಕೋಟೆಯನ್ನು ತಿರುಗಿಸಿ ನೋಡಿದಳು.

“ಹೊಸದಾಗಿ ಬರೀಬಹುದಲ್ಲ ಅತ್ತೆ. ಇದರಲ್ಲಿರೋ ಸುದ್ದಿ ಎಲ್ಲ ಹಳಸಿರುತ್ತೆ.”

“ಹಳಸಿದೆ. ನಿನ್ನ ಗಂಡ ಮೊದಲನೇ ಸಲ ಮೀಸೆ ಬೋಳಿಸಿದ್ದು ಬರೆದಿದ್ದೀನಿ. ಅವನ ತಲೇನೇ ಈಗ ಬೋಳು.”

“ಮತ್ತೆ?”

“ಹೊಸದನ್ನ ಆಮೇಲೆ ಬರೀತೀನಿ. ಮೊದಲು ಇದು ಹೋಗಬೇಕು. ನಾನು ಆವತ್ತೇ ಬರೆದಿದ್ದೆ ಅಂತ ಅವಳಿಗೆ ಗೊತ್ತಾಗಬೇಕು.”

ಬೆಳಿಗ್ಗೆ ಹಳೆಯ ಲಕೋಟೆಯನ್ನು ಒಡೆಯದೆ, ಮುದ್ರೆಯ ಸಮೇತ ದೊಡ್ಡದೊಂದು ಲಕೋಟೆಯೊಳಗಿಟ್ಟೆ. ಒಂದು ಚೀಟಿಯಲ್ಲಿ ಇಷ್ಟು ಬರೆದು ಜೊತೆಗಿಟ್ಟೆ: ‘ಮೇಲಿನ ಕಾಜಾ ನೋಡಿದೆ. ಬಹಳ ಕೆಟ್ಟದಾಗಿದೆ. ಬಿಚ್ಚಬೇಡ.’ ವಿಳಾಸವನ್ನು ದುಂಡಗೆ ಬರೆದು ಅಂಚೆ ಕಚೇರಿಗೆ ಹೋದೆ.

ಗಾಜಿನಾಚೆ ಕೂತಿದ್ದಾಕೆ ಲಕೋಟೆಯನ್ನು ತಕ್ಕಡಿಯ ಮೇಲಿಟ್ಟು ಕೇಳಿದರು, “ಒಳಗೇನಿದೆ ಅಜ್ಜಿ?”

“ಕಾಗದ.”

“ಮಾಮೂಲಾ, ಅರ್ಜೆಂಟಾ?”

“ಅರ್ಜೆಂಟು,” ಎಂದೆ.

ಆಕೆ ಠಪ್ಪನೆ ಮುದ್ರೆ ಒತ್ತಿ, ಹಿಂದಿನ ಚೀಲಕ್ಕೆ ಹಾಕಿದರು.