ಒಂದರ ಮೇಲೊಂದು ಕೂತ ಹನ್ನೊಂದು ಗೆರೆ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಅನುಮಾನದಕ್ಕ ಎಂದೇ ಕರೆಯುತ್ತಿದ್ದರು. ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು ಬೀಗ ಜಗ್ಗಿ ನೋಡುವಳು. ಫ್ರಿಜ್ಜಿನ ಉಷ್ಣತೆಯನ್ನು ಒಬ್ಬರು ಬರೆದಿಟ್ಟಿದ್ದರೂ ತಾನೊಮ್ಮೆ ನೋಡದಿದ್ದರೆ ಅವಳಿಗೆ ಸಮಾಧಾನವಿಲ್ಲ. ಹದಿಮೂರು ವರ್ಷದ ಕೆಲಸದಲ್ಲಿ ಅವಳು ಸಹಿ ಹಾಕಿದ ಒಂದು ವರದಿಯೂ ತಪ್ಪಾಗಿ ವಾಪಸ್ ಬಂದಿರಲಿಲ್ಲ. ಆದ್ದರಿಂದ ಹಿಂದೆ ನಗುವವರು ಮುಂದೆ ಸುಮ್ಮನಿರುತ್ತಿದ್ದರು.

ಕೊರೊನಾ ಶುರುವಾದ ಮೇಲೆ ಮೂರು ಕೋಣೆಗಳ ಆ ಪ್ರಯೋಗಾಲಯಕ್ಕೆ ಪುರುಸೊತ್ತೇ ಇರಲಿಲ್ಲ. ಮೊದಲನೇ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೈಯಿಟ್ಟು ಮೂಗು ಗಂಟಲಿನ ಮಾದರಿಗಳ ಟ್ಯೂಬು ತೆರೆಯಬೇಕು. ಎರಡನೇ ಕೋಣೆಯಲ್ಲಿ ಅದರಿಂದ ವೈರಸ್ಸಿನ ಅಂಶವನ್ನು ಬೇರ್ಪಡಿಸಬೇಕು. ಮೂರನೇ ಕೋಣೆಯ ಯಂತ್ರ ಅದನ್ನು ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು ಮಾಡುತ್ತ ಹೋಗುತ್ತದೆ. ವೈರಸ್ ಇದ್ದರೆ ಪರದೆಯ ಮೇಲೆ ಒಂದು ಗೆರೆ ಹೆಡೆ ಎತ್ತುತ್ತದೆ. ವೈರಸ್ ಹೆಚ್ಚಿದ್ದಷ್ಟೂ ಗೆರೆ ಬೇಗ ಏಳುತ್ತದೆ. ಪಕ್ಕದಲ್ಲಿ ಇನ್ನೊಂದು ಬಣ್ಣದ ಗೆರೆ, ಮನುಷ್ಯನ ಜೀವಕೋಶದ್ದು. ಮಾದರಿ ತೆಗೆಯುವ ಕಡ್ಡಿ ನಿಜವಾಗಿ ಯಾರದೋ ಮೂಗಿನೊಳಗೆ ಹೋಗಿ ಬಂದಿದೆ ಎನ್ನುವುದಕ್ಕೆ ಅದೇ ಸಾಕ್ಷಿ.

ಆ ದಿನ ಬೆಳಿಗ್ಗೆ ಪರದೆ ನೋಡುತ್ತಿದ್ದವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಿಂದ, ಆರೋಗ್ಯ ಕಚೇರಿಯ ಆದೇಶದಂತೆ, ಹನ್ನೊಂದು ಮಾದರಿ ಬಂದಿದ್ದವು. ಹನ್ನೊಂದೂ ಪಾಸಿಟಿವ್. ಅದೇನೂ ದೊಡ್ಡದಲ್ಲ, ಒಂದೇ ಸೂರಿನಡಿ ದುಡಿಯುವವರು. ಆದರೆ ಹನ್ನೊಂದು ಗೆರೆಗಳೂ ಒಂದೇ ಕಡೆ ಎದ್ದು, ಒಂದರ ಮೇಲೊಂದು ಕೂತು, ದಪ್ಪನೆಯ ಒಂದೇ ಗೆರೆಯ ಹಾಗೆ ಕಾಣುತ್ತಿದ್ದವು.

ಮೊದಲು ಅವಳು ತನ್ನನ್ನೇ ಅನುಮಾನಿಸಿದಳು. ಒಂದು ಟ್ಯೂಬಿನ ಹನಿ ಉಳಿದವುಗಳಿಗೆ ಸಿಡಿಯಿತೇ? ಹಾಗಾದರೆ ತಿಳಿಯಲೆಂದೇ ಯಂತ್ರದ ತಟ್ಟೆಯಲ್ಲಿ ಬರೀ ನೀರು ಹಾಕಿದ್ದ ಗುಳಿಯಿಂದ ಯಾವ ಗೆರೆಯೂ ಎದ್ದಿರಲಿಲ್ಲ. ಆಮೇಲೆ ಮನುಷ್ಯನ ಗೆರೆಗಳನ್ನು ನೋಡಿದಳು. ಅವೂ ಹನ್ನೊಂದು ಒಂದೇ ಕಡೆ. ವೈರಸ್ ಸಿಡಿದು ಹರಡಬಹುದು. ಹನ್ನೊಂದು ಜನರ ಮೂಗು ಅಳತೆ ಮಾಡಿದಂತೆ ಒಂದೇ ಸಮ ಕೋಶ ಕೊಡುತ್ತದೆಯೇ?

ಮಧ್ಯಾಹ್ನ ಮೂಲ ಟ್ಯೂಬುಗಳಿಂದಲೇ ಮತ್ತೊಮ್ಮೆ ಪರೀಕ್ಷೆ ಮಾಡಿದಳು. ಫಲಿತಾಂಶ ಅದೇ. ಟ್ಯೂಬುಗಳನ್ನು ಸ್ಟ್ಯಾಂಡಿನಲ್ಲಿ ಸಾಲಾಗಿಟ್ಟು ಬೆಳಕಿಗೆ ಹಿಡಿದಳು. ಕಾರ್ಖಾನೆಯಿಂದ ಎಲ್ಲದರಲ್ಲೂ ಒಂದೇ ಮಟ್ಟಕ್ಕೆ ತುಂಬಿ ಬರುವ ಗುಲಾಬಿ ದ್ರವ, ಇವುಗಳಲ್ಲಿ ಒಂದರಲ್ಲಿ ಕುತ್ತಿಗೆವರೆಗೆ, ಒಂದರಲ್ಲಿ ಅರ್ಧಕ್ಕೆ. ಯಾರೋ ಇವನ್ನು ತೆರೆದು ಸುರಿದು ಮತ್ತೆ ತುಂಬಿದ್ದರು.

ಚೀಟಿಯ ಮೇಲೆ, ಮಾದರಿ ಸಂಗ್ರಹಿಸಿದವರು ಎನ್ನುವಲ್ಲಿ ಇದ್ದ ಸಹಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವಳ ಮೈದುನನದು.

ಡಾಕ್ಟರಮ್ಮ, ಅಂದರೆ ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟರು.

"ಆ ಲಾಂಡ್ರಿ ಮಾಲೀಕ ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದಾನೆ. ಪಾಸಿಟಿವ್ ಅಂದ್ರೆ ಪಾಸಿಟಿವ್, ಕಳಿಸಿಬಿಡು."

"ಇದು ಹನ್ನೊಂದು ಜನರದ್ದಲ್ಲ ಮೇಡಂ. ಒಬ್ಬರದ್ದೇ. ಮತ್ತೆ ಮಾದರಿ ತಗೋಬೇಕು."

"ತಂದಿದ್ದು ನಿನ್ನ ಮೈದುನ ತಾನೇ?" ಡಾಕ್ಟರಮ್ಮನ ದನಿ ಇಳಿಯಿತು. "ಅವನೇನೋ ಎಡವಟ್ಟು ಮಾಡಿದಾನೆ, ಅದನ್ನ ತಿಪ್ಪೆ ಸಾರಿಸೋಕೆ ನೋಡ್ತಿದೀಯಾ?"

ಅವಳಿಗೆ ನಗು ಬರುವುದೊಂದು ಬಾಕಿ. ತಾನು ಸಿಕ್ಕಿಸಲು ಹೊರಟವನನ್ನು ಉಳಿಸಲು ಹೊರಟಿದ್ದೇನೆ ಎಂಬ ಆರೋಪ! ಆದರೂ ಒಂದು ದಿನದ ಗಡುವು ಸಿಕ್ಕಿತು.

ಮೈದುನ ಅವಳ ಮನೆಯಲ್ಲೇ ಇದ್ದ. ಗಂಡನಿಗಿಂತ ಒಂಬತ್ತು ವರ್ಷ ಚಿಕ್ಕವನು, ಅತ್ತೆಯ ಕೊನೆಯ ಮಗ. ಮೊದಲು ಔಷಧಿ ಅಂಗಡಿಯಲ್ಲಿದ್ದವನನ್ನು ಮಾದರಿ ಸಂಗ್ರಹದ ಕೆಲಸಕ್ಕೆ ಸೇರಿಸಿದ್ದು ಅವಳೇ. ಸಂಜೆ ಮನೆಗೆ ಬಂದಾಗ ಅವನ ಕೆಲಸದ ಚೀಲ ಬಾಗಿಲ ಹೊರಗಿನ ಸ್ಟೂಲಿನ ಮೇಲಿತ್ತು. ಒಬ್ಬೊಬ್ಬರಿಗೂ ಹೊಸ ಕೈಗವಸು ಹಾಕಬೇಕೆಂಬುದು ನಿಯಮ. ಅವಳು ಚೀಲದ ಬಾಯಿ ಸರಿಸಿ ನೋಡಿದಳು. ಎರಡು ದಿನದ ಹಿಂದೆ ಕೊಟ್ಟಿದ್ದ ಕೈಗವಸಿನ ಡಬ್ಬಿಯ ಅಂಟು ಕೂಡ ಬಿಚ್ಚಿರಲಿಲ್ಲ.

ಕೈ ತೊಳೆದು ಒಳಗೆ ಬಂದವಳು ನಿಂತಲ್ಲೇ ಕೇಳಿದಳು. "ಲಾಂಡ್ರಿಯವರ ಮಾದರಿ ನೀನೇ ತೆಗೆದೆಯಾ?"

ಮೈದುನ ಟೀ ಲೋಟದಿಂದ ತಲೆ ಎತ್ತಲಿಲ್ಲ. "ಇನ್ಯಾರು ತೆಗೀತಾರೆ ಅತ್ತಿಗೆ? ನಾನೇನು ದುಡ್ಡು ತಗೊಂಡು ಮಾಡಿದೀನಾ?"

"ದುಡ್ಡಿನ ಮಾತು ನಾನು ಎತ್ತಲೇ ಇಲ್ಲವಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವನ ಕಿವಿ ಕೆಂಪಾಯಿತು. ಅತ್ತೆ ಅಡುಗೆಮನೆಯಿಂದ ಹೊರಗೆ ಬಂದರು.

"ಬಂದವಳು ಕೂತು ಒಂದು ಗುಟುಕು ನೀರು ಕುಡಿಯಲಿಲ್ಲ, ಆಗಲೇ ವಿಚಾರಣೆ! ಅದೇನಮ್ಮ, ಲ್ಯಾಬಿನ ಬುದ್ಧಿ ಮನೆಗೂ ತರ್ತೀಯಾ? ಊರವರ ಮೂಗಿಗೆಲ್ಲ ಕಡ್ಡಿ ಹಾಕಿ ಬರ್ತಾನೆ ಪಾಪ, ನನ್ನ ಮಗ."

ಗಂಡ ಪೇಪರಿನ ಹಿಂದೆಯೇ ಉಳಿದ. ಅತ್ತ ಅಮ್ಮ, ಇತ್ತ ಹೆಂಡತಿ, ನಡುವೆ ತಮ್ಮ. ಆ ಮನುಷ್ಯ ಅಂಥ ಹೊತ್ತಿನಲ್ಲಿ ಕ್ರೀಡಾಪುಟವನ್ನು ಎರಡೆರಡು ಸಲ ಓದುತ್ತಿದ್ದ.

"ನಾಳೆ ನಾನೂ ಬರ್ತೀನಿ ಲಾಂಡ್ರಿಗೆ. ನೀನೂ ಬಾ" ಎಂದಳು ಅವಳು. ಮೈದುನ ಲೋಟ ಇಟ್ಟು ಎದ್ದು ಹೋದ.

ಮರುದಿನ ಬೆಳಿಗ್ಗೆ ಇಬ್ಬರೂ ಲಾಂಡ್ರಿಯ ದಾರಿ ಹಿಡಿದರು. ಅವಳ ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ದುಡ್ಡು ಮಾಲೀಕ ಕೊಟ್ಟನೇ? ಆದರೆ ಮಾಲೀಕನಿಗೆ ಬೇಕಾದದ್ದು ನೆಗೆಟಿವ್. ದುಡ್ಡು ಕೊಟ್ಟು ಪಾಸಿಟಿವ್ ಕೊಳ್ಳುವ ಮಾಲೀಕ ಎಲ್ಲಾದರೂ ಇದ್ದಾನೆಯೇ?

ಗೇಟಿನ ಹತ್ತಿರ ಬರುತ್ತಿದ್ದಂತೆ ಮೈದುನನ ಹೆಜ್ಜೆ ನಿಧಾನವಾಯಿತು. ಕಾವಲುಗಾರ ಅವನನ್ನು ನೋಡಿ ಕೈ ಎತ್ತಿದ. "ಏನ್ ಸಾರ್, ಇವತ್ತೂ ಇಲ್ಲೇ ನಿಲ್ತೀರಾ? ಡಬ್ಬಿ ಕೊಡಿ, ಅವತ್ತಿನ ಹಾಗೆ ಒಳಗೆ ಕಳಿಸ್ತೀನಿ."

ಅವಳು ಮೈದುನನ ಮುಖ ನೋಡಿದಳು. ಅವನು ನೆಲ ನೋಡಿದ.

"ಒಳಗೆ ಹೋಗಲೇ ಇಲ್ಲವಾ ನೀನು?"

"ಆಗಲಿಲ್ಲ ಅತ್ತಿಗೆ." ಅವನ ದನಿ ಮಾಸ್ಕಿನೊಳಗೇ ಸಿಕ್ಕಿಕೊಂಡಿತು. "ನನ್ನ ಜೊತೆ ಕೆಲಸಕ್ಕೆ ಸೇರಿದವನು ಹೋದ ತಿಂಗಳು ಆಕ್ಸಿಜನ್ ಹಾಕ್ಕೊಂಡು ಮಲಗಿದ್ದನ್ನ ನೋಡಿದ ಮೇಲೆ ಯಾರ ಬಾಯಿ ಹತ್ತಿರ ಹೋದ್ರೂ ನನ್ನ ಕೈ ನಡುಗುತ್ತೆ. ಆವತ್ತು ಕಡ್ಡಿ, ಟ್ಯೂಬು ಒಳಗೆ ಕಳಿಸಿ, ಹೇಗೆ ತೆಗೀಬೇಕು ಅಂತ ಇಲ್ಲಿಂದಲೇ ಕೂಗಿ ಹೇಳಿದೆ. ಅವರೇ ತೆಗೆದು ಕೊಟ್ರು. ನಾನು ಸಹಿ ಹಾಕಿದೆ."

ಇಡೀ ರಾತ್ರಿ ಅವನನ್ನು ಕಳ್ಳನೆಂದು ಅಂದುಕೊಂಡಿದ್ದಳು. ಹೆದರಿದವನೆಂದು ಒಮ್ಮೆಯೂ ಹೊಳೆದಿರಲಿಲ್ಲ. ಅವನನ್ನು ಗೇಟಿನಲ್ಲೇ ಬಿಟ್ಟು ಒಬ್ಬಳೇ ಒಳಗೆ ಹೋದಳು.

ಒಳಗೆ ಆವಿಯ ಸೆಕೆ, ಸೋಪಿನ ಘಾಟು. ಒಂದು ಗೋಡೆಯ ಪಕ್ಕದಲ್ಲಿ ಆಸ್ಪತ್ರೆಯ ಬಟ್ಟೆಗಳ ಗಂಟುಗಳು ಎದೆಯೆತ್ತರಕ್ಕೆ ಬಿದ್ದಿದ್ದವು. ಗಂಟು ಬಿಚ್ಚುವವರ ಕೈ ಬರಿದಾಗಿತ್ತು. ಮಾಸ್ಕ್ ಎಂದರೆ ಹಳೆಯ ದಿಂಬಿನ ಹೊದಿಕೆ ಹರಿದು ಕಟ್ಟಿಕೊಂಡದ್ದು. ಮೂಲೆಯ ಬೆಂಚಿನ ಮೇಲೆ ಒಬ್ಬ ಹೆಂಗಸು ಗೋಡೆಗೆ ಒರಗಿ ಕೂತಿದ್ದಳು. ಅವಳ ಕಣ್ಣು ಜ್ವರದಿಂದ ಹೊಳೆಯುತ್ತಿತ್ತು.

ಉದ್ದನೆಯ ಮೇಜಿನ ಬಳಿ ಇಸ್ತ್ರಿ ಮಾಡುತ್ತಿದ್ದ ಹಿರಿಯಳೊಬ್ಬಳು ಮುಂದೆ ಬಂದಳು. ಎಲ್ಲರೂ ಅವಳನ್ನು ಇಸ್ತ್ರಿಯಮ್ಮ ಎನ್ನುತ್ತಿದ್ದರು.

"ಬಂತಾ ರಿಪೋರ್ಟು? ಎಲ್ಲರದ್ದೂ ಪಾಸಿಟಿವ್ ತಾನೇ?"

ಎಷ್ಟೋ ಸಾವಿರ ಜನ ಅವಳನ್ನು ಈ ಪ್ರಶ್ನೆ ಕೇಳಿದ್ದರು. ಆಸೆಯಿಂದ ಕೇಳಿದವಳು ಇವಳೊಬ್ಬಳೇ.

"ಮತ್ತೆ ತಗೋಬೇಕು. ಈ ಸಲ ನಾನೇ ತಗೋತೀನಿ" ಎಂದು ಅವಳು ಕೈಗವಸು ಹಾಕಿಕೊಂಡಳು. ಇಸ್ತ್ರಿಯಮ್ಮನ ಮುಖ ಕಳೆಗುಂದಿತು.

"ಟ್ಯೂಬಿನ ನೀರೆಲ್ಲ ಎಲ್ಲಿ ಸುರಿದಿರಿ?" ಎಂದು ಅವಳು ಮೆಲ್ಲಗೆ ಕೇಳಿದಳು.

ಇಸ್ತ್ರಿಯಮ್ಮ ಸುತ್ತ ನೋಡಿದಳು. ಆಮೇಲೆ ಬೆಂಚಿನ ಕಡೆ ಗಲ್ಲ ತೋರಿಸಿದಳು. "ಗಂಟು ಬಿಚ್ಚೋದು ಅವಳ ಕೆಲಸ. ಆರು ದಿನದಿಂದ ಜ್ವರ. ಇಷ್ಟು ಸೋಪಿನ ನಡುವೆ ಕೂತು ವಾಸನೆ ಬರ್ತಿಲ್ಲ ಅಂತಾಳೆ. ಗ್ಲೌಸ್ ಕೊಡಿ ಅಂತ ಕೇಳಿದ್ವಿ. ಮನೆಗೆ ಕಳಿಸಿ ಅಂತ ಕೇಳಿದ್ವಿ. ಸಾಹುಕಾರರು, ನೆಗಡಿಗೆಲ್ಲ ಲಾಂಡ್ರಿ ಮುಚ್ಚೋಕಾಗುತ್ತಾ ಅಂದ್ರು. ಒಬ್ಬಳಿಗೆ ಬಂದ್ರೆ ಅವಳನ್ನ ತೆಗೆದು ಇನ್ನೊಬ್ಬಳನ್ನ ತರ್ತಾರೆ. ಎಲ್ಲರಿಗೂ ಬಂದ್ರೆ ಮುಚ್ಚಲೇಬೇಕಲ್ಲ? ಅದಕ್ಕೇ ಎಲ್ಲ ಕಡ್ಡೀನೂ ಅವಳ ಮೂಗಿಗೇ ಹಾಕಿ, ಎಲ್ಲ ಟ್ಯೂಬನ್ನೂ ಒಂದು ಜಗ್ಗಿಗೆ ಸುರಿದು, ಕದಡಿ, ಟೀ ಹಂಚಿದ ಹಾಗೆ ಹಂಚಿದ್ವಿ."

"ನಿಮಗೂ ಅಂಟಬಹುದಿತ್ತು."

"ಅಂಟಿಲ್ಲ ಅಂತ ಯಾರು ಹೇಳಿದ್ರು? ನಾವು ಬಾಯಿ ಬಿಟ್ಟು ಹೇಳಿದ್ರೆ ಯಾರೂ ಕೇಳಲ್ಲ ತಾಯಿ. ನಿಮ್ಮ ಮಷೀನು ಹೇಳಿದ್ರೆ ಕೇಳ್ತಾರೆ."

ಅವಳು ಒಬ್ಬೊಬ್ಬರನ್ನೇ ಕೂರಿಸಿ ಕಡ್ಡಿ ಹಾಕಿದಳು. ಜ್ವರದ ಹೆಂಗಸಿನ ಸರದಿ ಬಂದಾಗ ಆಕೆ ಮುಖ ಎತ್ತಿ, "ಇನ್ನೂ ಎಷ್ಟು ಸಲ ಅಕ್ಕಾ? ಮೂಗೇ ಸವೆದುಹೋಯ್ತು" ಎಂದಳು. ಅಷ್ಟು ಹೊತ್ತಿನಲ್ಲಿ ಅಲ್ಲಿ ಎಲ್ಲರೂ ನಕ್ಕಿದ್ದು ಅದೊಂದೇ ಸಲ.

ಆ ಸಂಜೆ ಪರದೆಯ ಮೇಲೆ ಐದು ಗೆರೆಗಳು ಎದ್ದವು. ಒಂದು ಮೊದಲೇ ಸರ್ರನೆ ಎದ್ದಿತು, ಎರಡು ಸ್ವಲ್ಪ ತಡವಾಗಿ, ಉಳಿದೆರಡು ತೂಕಡಿಸುತ್ತ ಕೊನೆಗೆ. ಮನುಷ್ಯನ ಗೆರೆಗಳು ಹನ್ನೊಂದು, ಹನ್ನೊಂದು ದಾರಿ. ಇಸ್ತ್ರಿಯಮ್ಮನದು ನೆಗೆಟಿವ್. ಹನ್ನೊಂದರಲ್ಲಿ ಐದು, ಮುಚ್ಚಿಸಲು ಅಷ್ಟು ಸಾಕಿತ್ತು. ಆರೋಗ್ಯ ಕಚೇರಿಯವರು ಮರುದಿನವೇ ಲಾಂಡ್ರಿಗೆ ಬೀಗ ಹಾಕಿಸಿದರು. ಮತ್ತೆ ತೆರೆಯುವಾಗ ಕೈಗವಸು, ಮಾಸ್ಕು ಕೊಡಲೇಬೇಕೆಂದು ಬರೆದುಕೊಟ್ಟರು.

ಇನ್ನು ಮೊದಲ ಮಾದರಿಗಳ ಬಗ್ಗೆ ರಿಜಿಸ್ಟರಿನಲ್ಲಿ ಏನಾದರೂ ಬರೆಯಬೇಕಿತ್ತು. ಅವಳು ಪೆನ್ನು ತೆಗೆದಳು. ಜಗ್ಗಿನ ಕಥೆ ಬರೆದರೆ ಇಸ್ತ್ರಿಯಮ್ಮನ ಕೆಲಸ ಆ ದಿನವೇ ಹೋಗುತ್ತದೆ, ಪೊಲೀಸರೂ ಬರಬಹುದು. ಕೊನೆಗೆ ಒಂದು ಸಾಲು ಬರೆದಳು: ಸಿಬ್ಬಂದಿ ಖುದ್ದಾಗಿ ಸಂಗ್ರಹಿಸದ ಕಾರಣ ಮಾದರಿಗಳು ರದ್ದು.

ಡಾಕ್ಟರಮ್ಮ ಓದಿದರು. "ಇಷ್ಟೇನಾ?"

"ಇಷ್ಟೇ ಮೇಡಂ."

ಡಾಕ್ಟರಮ್ಮ ಅವಳನ್ನು ಅನುಮಾನದಿಂದ ನೋಡಿದರು. ತಾನು ಇಷ್ಟು ವರ್ಷ ಬೇರೆಯವರನ್ನು ನೋಡುತ್ತಿದ್ದುದು ಹೀಗೆಯೇ ಇರಬೇಕು ಎನಿಸಿ ಅವಳು ಕಣ್ಣು ತಪ್ಪಿಸಿದಳು.

ಮೈದುನನನ್ನು ಮಾದರಿ ಸಂಗ್ರಹದಿಂದ ತೆಗೆದು, ಚೀಟಿಗಳನ್ನು ಕಂಪ್ಯೂಟರಿಗೆ ಏರಿಸುವ ಮೇಜಿಗೆ ಕೂರಿಸಿದರು. ಅವನ ಕಡತದಲ್ಲಿ ಒಂದು ಎಚ್ಚರಿಕೆ ಪತ್ರ ಸೇರಿತು. ಅತ್ತೆ ಸೊಸೆಯ ಜೊತೆ ಮಾತು ಬಿಟ್ಟರು. ಏನಾದರೂ ಹೇಳಬೇಕಾದರೆ ಗೋಡೆಗೆ ಹೇಳುವರು, ಗೋಡೆಯ ಪರವಾಗಿ ಗಂಡ ಅವಳಿಗೆ ತಲುಪಿಸುವನು.

ಎರಡು ವಾರದ ಮೇಲೆ ಒಂದು ರಜೆಯ ದಿನ ಅವಳು ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಾಗ ಮೈದುನ ಬಂದು ಬಕೆಟ್ ಹಿಡಿದು ನಿಂತ.

"ಲಾಂಡ್ರಿ ಕಾವಲುಗಾರ ಸಿಕ್ಕಿದ್ದ ಅತ್ತಿಗೆ. ಜಗ್ಗಿನ ವಿಷಯ ಎಲ್ಲ ಹೇಳಿದ. ನೀವು ಅರ್ಧ ನಿಜ ಮಾತ್ರ ಬರೆದ್ರಿ."

"ಹೌದು."

"ನನ್ನ ಅರ್ಧ."

"ಹೌದು" ಎಂದಳು ಅವಳು ಮತ್ತೆ. "ಅದು ಸುಳ್ಳಾಗಿದ್ದಿದ್ರೆ ಬರೀತಿರಲಿಲ್ಲ."

ಅವನು ಒದ್ದೆ ಟವೆಲ್ ಕೊಡವಿ ಅವಳ ಕೈಗೆ ಕೊಟ್ಟ. "ನೀವು ದುಡ್ಡು ತಗೊಂಡೆ ಅಂತ ಅಂದ್ಕೊಂಡ್ರಲ್ಲ, ಒಂದು ಕ್ಷಣ ಹೌದು ಅಂದುಬಿಡೋಣ ಅನ್ನಿಸಿತ್ತು. ಹೆದರಿದೆ ಅಂತ ಹೇಳೋದಕ್ಕಿಂತ ಅದೇ ಸುಲಭ ಅಂತ."

"ನಾನು ಕೇಳಿದ ರೀತಿ ಸರಿ ಇರಲಿಲ್ಲ ಕಣೋ" ಎಂದಳು.

ಅಷ್ಟರಲ್ಲಿ ಅತ್ತೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಇಬ್ಬರೂ ಥಟ್ಟನೆ ಸುಮ್ಮನಾದರು. ಅತ್ತೆ ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ಎರಡು ವಾರದಲ್ಲಿ ಮೊದಲ ಬಾರಿಗೆ ಗೋಡೆಯನ್ನು ಬಿಟ್ಟು ನೇರವಾಗಿ ಸೊಸೆಗೇ ಕೇಳಿದರು:

"ಏನದು, ನಾನು ಬಂದ ಕೂಡಲೇ ಇಬ್ಬರ ಬಾಯಿಗೂ ಬೀಗ ಬಿತ್ತು?"