ಕಾಲರಿನಡಿಯ ಸೂಜಿ

"ಸೊಂಟದ ಹತ್ರ ಇನ್ನೂ ಎರಡು ಬೆರಳು ಬಿಡು, ಹೊಟ್ಟೆ ಹಿಡಿಯಲ್ಲ" ಎಂದಳು ಚಿಕ್ಕಮ್ಮ.

ತೀರಿಕೊಂಡ ಅಮ್ಮನಿಗೆ ತೊಡಿಸಬೇಕಿದ್ದ ನೀಲಿ ಅಂಗಿಯ ಹೊಲಿಗೆಯನ್ನು ಮಗಳು ಬಿಚ್ಚಿ ಮತ್ತೆ ಹೊಲಿದಳು. ತೋಳು ಜೋಲಾಡುತ್ತಿತ್ತು, ಹೊಟ್ಟೆ ಮಾತ್ರ ಬಿಗಿ. ಅಂಡಾಶಯದ ಗೆಡ್ಡೆ ಅಮ್ಮನನ್ನು ಹೀಗೆ ಮಾಡಿಟ್ಟಿತ್ತು. ಮೂವತ್ತು ವರ್ಷ ಊರಿನವರ ಅಳತೆ ತೆಗೆದವಳಿಗೆ ಇದು ಕೊನೆಯ ಅಳತೆ. ಮಗಳಿಗೆ ಅಳಲೂ ಪುರುಸೊತ್ತಿರಲಿಲ್ಲ. ಹನ್ನೆರಡಕ್ಕೆ ಮಣ್ಣು, ಮೂರಕ್ಕೆ ಮಗಳದೇ ಎಂಆರ್‌ಐ.

"ಹೆತ್ತವಳನ್ನ ಮಣ್ಣು ಮಾಡಿ ನೆಟ್ಟಗೆ ಆಸ್ಪತ್ರೆಗಾ? ನೋಡಿದವರು ಏನಂತಾರೆ?"

"ನನಗೂ ಎಡಗಡೆ ಗಂಟಿದೆ ಚಿಕ್ಕಮ್ಮ. ಅಲ್ಟ್ರಾಸೌಂಡಲ್ಲಿ ನೀರುಗುಳ್ಳೆನೋ ಗೆಡ್ಡೆನೋ ಗೊತ್ತಾಗಲಿಲ್ಲ. ಎಂಆರ್‌ಐ ಮಾಡಿದ್ರೆ ತಿಳಿಯುತ್ತೆ ಅಂದ್ರು ಡಾಕ್ಟರು."

"ಮುಂದಿನ ವಾರ ಹೋದ್ರಾಯ್ತು."

"ಅಮ್ಮನೂ ಹಾಗೇ ಅಂದಿದ್ದು."

ಚಿಕ್ಕಮ್ಮ ಬಗ್ಗಿ ನೆಲದ ಮೇಲಿನ ದಾರದ ತುಂಡುಗಳನ್ನು ಆಯತೊಡಗಿದಳು.

*

ಹೋದ ವರ್ಷ ಅಮ್ಮನನ್ನು ಎಂಆರ್‌ಐ ಸ್ಕ್ಯಾನಿಗೆ ಕರೆದೊಯ್ದವಳು ಚಿಕ್ಕಮ್ಮನೇ. ಅಯಸ್ಕಾಂತದ ಯಂತ್ರ, ಮೈಮೇಲೆ ಚೂರು ಕಬ್ಬಿಣವೂ ಇರಬಾರದು. ಬಾಗಿಲಲ್ಲೇ ನರ್ಸು ಅಮ್ಮನ ಕಾಲರಿನಡಿಯಿಂದ ಸೂಜಿ ತೆಗೆದಳು. ಕೆಲಸದ ನಡುವೆ ಅಲ್ಲಿ ಚುಚ್ಚಿಕೊಳ್ಳುವುದು ಅಮ್ಮನ ಚಾಳಿ. ಮಗಳಿಗೂ ಅದೇ ಅಂಟಿತ್ತು.

"ಪರವಾಗಿಲ್ಲ, ಬನ್ನಿ ಒಳಗೆ" ಎಂದಳು ನರ್ಸು. ಅಮ್ಮ ಯಂತ್ರದ ಕೊಳವೆ ನೋಡಿದಳು. ಮುಖ ಬಿಳಿಚಿತು.

"ಇವತ್ತು ಬೇಡ ಕಣೇ, ಮುಂದಿನ ವಾರ ಬರೋಣ. ಸೂಜಿ ಸಿಕ್ತು, ವಾಪಸ್ ಕಳಿಸಿದ್ರು ಅಂತೀನಿ. ನೀನೂ ಹಾಗೇ ಹೇಳು."

ಕಳ್ಳನಿಗೊಂದು ಪಿಳ್ಳೆ ನೆವ. ಅಕ್ಕನ ಮಾತು ಮೀರದೆ ಚಿಕ್ಕಮ್ಮ ಹಾಗೇ ಹೇಳಿದಳು, ಮನೆಮಂದಿಯೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆ ಮುಂದಿನ ವಾರ ಬರುವಷ್ಟರಲ್ಲಿ ಐದು ತಿಂಗಳಾಗಿತ್ತು.

*

ಗುಂಡಿಯ ಪಕ್ಕದಲ್ಲೂ ನೆರೆಮನೆಯವಳು ಅದೇ ಮಾತು ತೆಗೆದಳು. "ಆಸ್ಪತ್ರೆಗೂ ಸೂಜಿ ತಗೊಂಡು ಹೋಗಿದ್ಲಲ್ಲ, ಪಾಪ! ಹುಟ್ಟುಗುಣ ಸುಟ್ಟರೂ ಹೋಗಲ್ಲ." ಒಂದಿಬ್ಬರು ಅಳುತ್ತಲೇ ನಕ್ಕರು. ಚಿಕ್ಕಮ್ಮ ನಗಲಿಲ್ಲ.

ಆಸ್ಪತ್ರೆಯ ದಾರಿಯಲ್ಲಿ ಅವಳು ಮಗಳ ಹಿಂದೆಯೇ ಬಂದಳು, ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಮಗಳು ತಿರುಗಿಯೂ ನೋಡಲಿಲ್ಲ. ಸಿಟ್ಟಿನಿಂದ ಹೆಜ್ಜೆ ಬಿರುಸು ಮಾಡಿದಳು.

"ಮೈಮೇಲೆ ಲೋಹ ಏನಾದ್ರೂ ಇದೆಯಾ?" ನರ್ಸು ಕೇಳಿದಳು.

"ಇಲ್ಲ."

ಬಾಗಿಲು ತೆರೆಯಿತು. ಕೊಳವೆ ಕಂಡಿತು. ಮಗಳ ಕಾಲು ಅಲ್ಲೇ ನಿಂತಿತು. "ಚಿಕ್ಕಮ್ಮ," ಎಂದಳು ಮೊದಲ ಸಲ ತಿರುಗಿ, "ಮುಂದಿನ ವಾರ ಬರೋಣ್ವಾ?"

"ತಡಿ." ಚಿಕ್ಕಮ್ಮ ಅವಳ ಕಾಲರಿನಡಿ ಬೆರಳಾಡಿಸಿ ಸೂಜಿ ಎಳೆದಳು. ಬೆಳಗಿನ ನೀಲಿ ದಾರ ಇನ್ನೂ ಅದರಲ್ಲೇ ಇತ್ತು. "ಈ ಸಲ ಸುಳ್ಳು ಹೇಳಲ್ಲ ಕಣೇ. ನಡಿ ಒಳಗೆ."

ಬಾಗಿಲು ಮುಚ್ಚಿತು. ಯಂತ್ರ ಬಡಿಯತೊಡಗಿತು. ಬೆಂಚಿನ ಮೇಲೆ ಕುಳಿತ ಚಿಕ್ಕಮ್ಮ ಸೂಜಿಯನ್ನು ತನ್ನ ಕಾಲರಿಗೆ ಚುಚ್ಚಿಕೊಂಡು, ಇಳಿಬಿದ್ದ ನೀಲಿ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.