ಸೊನ್ನೆ ಅಂಕದ ಸಂತೋಷ

ಕಾರ್ಖಾನೆಯ ತಗಡು ಒತ್ತುವ ಪ್ರೆಸ್ ವಿಭಾಗದಲ್ಲಿ ಅವನಿಗೆ ಹಸು ಎಂದೇ ಹೆಸರು. ಮೇಸ್ತ್ರಿ ಬೈದರೂ ತಲೆಯಾಡಿಸುತ್ತಾನೆ, ಊಟದ ಬಿಡುವು ಮೊಟಕುಮಾಡಿದರೂ ತಲೆಯಾಡಿಸುತ್ತಾನೆ. ಇಂಥ ಮನುಷ್ಯ ನಿದ್ದೆಯಲ್ಲಿ ಹೆಂಡತಿಗೆ ಒದೆಯುತ್ತಾನೆಂದರೆ ಯಾರು ನಂಬಬೇಕು? ಅವಳ ಕಣ್ಣಿನ ಕೆಳಗಿನ ನೀಲಿಗಟ್ಟಿದ ಕಲೆ ನೋಡಿ ಅಕ್ಕಪಕ್ಕದವರು ತಮಗೆ ರುಚಿಸುವ ಕಥೆ ಕಟ್ಟಿಕೊಂಡರು. ಅವಳು ಅವನನ್ನು ಕಾರ್ಖಾನೆಯವರು ಗೊತ್ತುಮಾಡಿದ ಆಸ್ಪತ್ರೆಗೆ ಎಳೆದೊಯ್ದಳು.

ಡಾಕ್ಟರಮ್ಮ ಅವನ ತಲೆಗೆ ತಂತಿ ಅಂಟಿಸಿ ಮಲಗಿಸಿ ನೋಡಿದರು, ಮಿದುಳಿನ ಸ್ಕ್ಯಾನ್ ಮಾಡಿಸಿದರು.

"ಕನಸು ಬೀಳುವಾಗ ಕೈಕಾಲು ಆಡದ ಹಾಗೆ ಮಿದುಳೇ ಒಂದು ಬೀಗ ಹಾಕುತ್ತಮ್ಮ. ಇವರಿಗೆ ಆ ಬೀಗ ಸಡಿಲ ಆಗಿದೆ. ಕನಸಲ್ಲಿ ಮಾಡೋದನ್ನ ಹಾಸಿಗೆ ಮೇಲೂ ಮಾಡ್ತಾರೆ." ಅವನ ಕಡೆ ತಿರುಗಿದರು. "ಕನಸಲ್ಲಿ ಯಾರನ್ನ ಒದೀತೀರಿ?"

"ಮೇಸ್ತ್ರಿನ," ಎಂದ, ತಲೆ ತಗ್ಗಿಸಿ.

"ಅವನ ಪಾಲಿಂದು ನಂಗ್ಯಾಕ್ರೀ ಕೊಡ್ತೀರಿ?" ಎಂದಳು ಹೆಂಡತಿ.

ಡಾಕ್ಟರಮ್ಮ ನಕ್ಕು, ಮತ್ತೆ ಗಂಭೀರವಾದರು. ಮಿದುಳಿನಲ್ಲಿ ಮನಸ್ಸಿನ ಏರಿಳಿತ ನೋಡಿಕೊಳ್ಳುವ ಜಾಗದಲ್ಲೂ ಸಣ್ಣ ಬದಲಾವಣೆ ಕಾಣುತ್ತಿದೆ, ಈ ತೊಂದರೆ ಇರುವ ಬಹಳ ಜನರಿಗೆ ಖಿನ್ನತೆಯೂ ಇರುತ್ತದೆ ಎಂದು ಹೇಳಿ ಅದನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಹಾಳೆ ಕೊಟ್ಟರು; ಅಂಕ ಏರಿದಷ್ಟೂ ಖಿನ್ನತೆ ಹೆಚ್ಚು.

ಹಾಳೆ ತುಂಬುವುದು ಅವನಿಗೇನು ಹೊಸದೆ? ದಿನಾ ಬೆಳಿಗ್ಗೆ ಪ್ರೆಸ್ಸಿನ ತಪಾಸಣೆ ಹಾಳೆಯಲ್ಲಿ ಇಪ್ಪತ್ತು ಚೌಕ: ಎಣ್ಣೆ, ಬ್ರೇಕು, ಕೈ ಸಿಕ್ಕಿಕೊಳ್ಳದಂತೆ ತಡೆಯುವ ಜಾಲರಿ. 'ತೊಂದರೆ ಇಲ್ಲ' ಎಂಬ ಸಾಲಿನಲ್ಲಿ ಮೇಲಿಂದ ಕೆಳಕ್ಕೆ ಒಂದೇ ಗೆರೆ ಎಳೆಯುವುದು ಅಲ್ಲಿನ ಪದ್ಧತಿ. ಓದುತ್ತಾ ನಿಂತವನು ಕೆಲಸಗಳ್ಳ. ಇಲ್ಲಿಯೂ 'ಇಲ್ಲ' ಎಂಬ ಸಾಲು ಇತ್ತು. ಅರ್ಧ ನಿಮಿಷದಲ್ಲಿ ಗೆರೆ ಎಳೆದುಕೊಟ್ಟ. ಅಂಕ ಸೊನ್ನೆ.

ವರದಿ ಕಾರ್ಖಾನೆ ಮುಟ್ಟಿತು. ಕಾರ್ಮಿಕರ ಕಲ್ಯಾಣಕ್ಕೆಂದೇ ಒಬ್ಬ ಅಧಿಕಾರಿಯಿದ್ದಾರೆ. ಎಸಿ ಕೋಣೆಯಲ್ಲಿ ಕೂತು ಕಲ್ಯಾಣ ಮಾಡುತ್ತಾರೆ.

"ನೋಡಯ್ಯಾ, ಬೀಗ ಸಡಿಲ ಆಗಿರೋದು ನಿನ್ನ ತಲೆಯಲ್ಲಿ, ನಮ್ಮ ಗೇಟಲ್ಲಲ್ಲ. ದುಃಖ ಸೊನ್ನೆ! ನಂಗೇ ಇಲ್ಲ ಇಷ್ಟು ನೆಮ್ಮದಿ. ಹೋಗು, ಪ್ರೆಸ್ ಕಾಯ್ತಿದೆ."

ಎರಡು ತಿಂಗಳಿಂದ ಬುತ್ತಿ ಬಿಚ್ಚದೆ ವಾಪಸು ತರುತ್ತಿದ್ದವನು, ಗೋಡೆ ನೋಡುತ್ತಾ ಕೂರುವವನು, ಹೋದ ವಾರವಷ್ಟೇ ಮೈಮರೆತು ಪ್ರೆಸ್ಸಿನ ಬಾಯಿಗೆ ಕೈಯಿಟ್ಟಾಗ ಪಕ್ಕದವನು ಎಳೆದುದರಿಂದ ಬೆರಳು ಉಳಿಸಿಕೊಂಡವನು, ಹೀಗೆ ಲಿಖಿತ ಪುರಾವೆ ಸಮೇತ ಕಾರ್ಖಾನೆಯ ಅತ್ಯಂತ ಸುಖಿಯಾದ.

"ರೀ, ನೀವು ನಕ್ಕು ಎಷ್ಟು ದಿನ ಆಯ್ತು? ಈ ಸೊನ್ನೆ ಎಲ್ಲಿಂದ ಬಂತು?" ಎಂದಳು ಹೆಂಡತಿ.

"ದಿನಾ ಎಳೆಯೋ ಹಾಗೆ ಎಳೆದೆ."

"ಓದಿದ್ರಾ?"

"ಅದನ್ನೆಲ್ಲ ಓದ್ತಾರಾ?"

ಅವಳು ಮತ್ತೆ ಆಸ್ಪತ್ರೆಗೆ ಎಳೆದೊಯ್ದಳು. ಆ ಉದ್ದನೆಯ ಗೆರೆ ನೋಡಿ ಡಾಕ್ಟರಮ್ಮ ಹಣೆ ಒತ್ತಿಕೊಂಡು, ಹೊಸ ಹಾಳೆ ತೆಗೆದು ತಾವೇ ಓದತೊಡಗಿದರು.

"ಇದೂ ಕಾರ್ಖಾನೆಗೆ ಹೋಗುತ್ತಾ ಮೇಡಂ?" ಎಂದು ಅವನು ಕೇಳಿದ.

"ಹೋಗುತ್ತೆ. ಅವರಿಗೆ ತಿಳಿಸದೆ ನಿಮ್ಮನ್ನ ಪ್ರೆಸ್ಸಿಂದ ಬಿಡಿಸೋಕಾಗಲ್ಲ. ಮೊದಲನೇದು: ಇಷ್ಟದ ಕೆಲಸಗಳಲ್ಲಿ ಆಸಕ್ತಿ ಕಡಿಮೆ ಆಗಿದೆಯಾ?"

ಅವನು ಹಾಳೆಯ ಕಡೆ ಬಗ್ಗಿ ನೋಡಿದ. "ಇಷ್ಟ ಇದ್ದದ್ದು ಯಾವುದು ಅಂತ ಮೊದಲು ನೆನಪಾಗ್ಬೇಕಲ್ಲ."

ಒಂಬತ್ತು ಪ್ರಶ್ನೆಗಳಿಗೆ ಒಂದು ಗಂಟೆ ಹಿಡಿಯಿತು. ಹೆಂಡತಿ ಎರಡು ಸಲ ಮುಖ ಆಚೆ ತಿರುಗಿಸಿಕೊಂಡಳು. ಅಂಕ ಇಪ್ಪತ್ತೇಳಕ್ಕೆ ಹತ್ತೊಂಬತ್ತು. ಡಾಕ್ಟರಮ್ಮ ಮಾತ್ರೆ ಬರೆದು, ಮೂರು ತಿಂಗಳು ಯಂತ್ರದ ಕೆಲಸ ಕೂಡದೆಂದು ಚೀಟಿ ಕೊಟ್ಟರು.

"ಒಂದು ವಾರದಲ್ಲಿ ಸೊನ್ನೆಯಿಂದ ಹತ್ತೊಂಬತ್ತಾ?" ಕಲ್ಯಾಣದ ಸಾಹೇಬರು ಹೌಹಾರಿದರು. "ನಮ್ಮ ಉತ್ಪಾದನೆಯೇ ಈ ವೇಗದಲ್ಲಿ ಏರಲ್ಲ ಕಣಯ್ಯಾ!" ಖಾಲಿ ಹಾಳೆಯೊಂದನ್ನು ಮೇಜಿನ ಮೇಲೆ ತಳ್ಳಿದರು. "ಇನ್ನೊಂದ್ಸಲ ತುಂಬು. ಮೊದಲು ತುಂಬಿದ ಹಾಗೆ. ಯಾರಿಗೂ ಗೊತ್ತಾಗಲ್ಲ."

ಅವನು ಹಾಳೆಯನ್ನು ಅವರ ಕಡೆಗೇ ತಿರುಗಿಸಿದ. "ನಂದು ಆಯ್ತು ಸಾರ್. ಇದನ್ನ ನೀವು ತುಂಬಿ. ಗೆರೆ ಎಳೀಬೇಡಿ, ಓದಿ ತುಂಬಿ. ನಾನು ಪ್ರೆಸ್ ಮುಟ್ಟಲ್ಲ."

ಸಾಹೇಬರ ಬಾಯಲ್ಲಿ ಬೈಗುಳ ಸಿದ್ಧವಾಗಿತ್ತು. ಆದರೆ ಕಣ್ಣು ಮೊದಲನೆಯ ಪ್ರಶ್ನೆಯ ಮೇಲೆ ಬಿತ್ತು, ಅಲ್ಲಿಂದ ಎರಡನೆಯದಕ್ಕೆ ಜಾರಿತು. ತಲೆಯೆತ್ತದೆ ವರ್ಗಾವಣೆ ಚೀಟಿಗೆ ಸಹಿ ಗೀಚಿದರು.

"ಸಾಮಾನಿನ ಸ್ಟೋರ್‌ಗೆ ಹೋಗು. ಮೂರೇ ತಿಂಗಳು."

ಅವನು ಬಾಗಿಲು ಎಳೆದುಕೊಳ್ಳುವಾಗ ಸಾಹೇಬರು ನಾಲ್ಕನೆಯ ಪ್ರಶ್ನೆಯಲ್ಲಿದ್ದರು.